ಶಿವಮೊಗ್ಗೆಯ ಸಸ್ಯಚಿತ್ರಗಳು: ಕರ್ತೃತ್ವದ ಪ್ರಶ್ನೆ

ಹ್ಯೂ ಕ್ಲೆಗ್‌ಹಾರ್ನ್ 1845ರಿಂದ 1847ರವರೆಗೆ ಶಿವಮೊಗ್ಗೆಯಲ್ಲಿ ವೈದ್ಯನಾಗಿದ್ದಾಗ ಬರೆಯಿಸಿದ ಸಸ್ಯಗಳ ಜಲವರ್ಣಚಿತ್ರಗಳು ಇಂದು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ನಿನ ಸಂಗ್ರಹದಲ್ಲಿವೆ. ದಿನಕ್ಕೊಂದು ಗಿಡದ ಚಿತ್ರ ಸಿದ್ಧವಾಗಬೇಕೆಂಬುದು ಅವನು ಹಾಕಿಕೊಂಡ ನಿಯಮ. ಬರೆದವನು ಒಬ್ಬ ‘ಮರಾಠಿ’ ಚಿತ್ರಕಾರನೆಂದಷ್ಟೇ ತಿಳಿದುಬರುತ್ತದೆ, ಹೆಸರು ದಾಖಲಾಗಿಲ್ಲ. ಎಚ್. ಜೆ. ನೋಲ್ಟಿಯವರು 2016ರಲ್ಲಿ ಈ ಸಂಗ್ರಹವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ ಮೇಲೆ ಕನ್ನಡ ಸಂಶೋಧಕರು ಇದನ್ನು ಕಡೆಗಣಿಸಲು ಕಾರಣವಿಲ್ಲ.

ಇಂಥ ಚಿತ್ರಗಳನ್ನು ‘ಕಂಪನಿ ಶೈಲಿ’ ಎಂದು ಕರೆದು ಮುಂದೆ ಸಾಗುವುದು ಕಲಾಚರಿತ್ರೆಯ ರೂಢಿ. ಈ ಹೆಸರು ಹಣ ಕೊಟ್ಟವರನ್ನು ಸೂಚಿಸುತ್ತದೆಯೇ ಹೊರತು ಬರೆದ ಕೈಯನ್ನಲ್ಲ. ಬಿಳಿಯ ಕಾಗದ, ಹಿನ್ನೆಲೆಯಿಲ್ಲದ ಒಂದು ಕೊಂಬೆ, ಬದಿಯಲ್ಲಿ ಬಿಡಿಸಿಟ್ಟ ಹೂವಿನ ಅಂಗಗಳು: ಸಸ್ಯಶಾಸ್ತ್ರಜ್ಞನ ಅಗತ್ಯವೇ ಈ ಚೌಕಟ್ಟನ್ನು ನಿರ್ಧರಿಸಿತು ಎಂಬುದು ನಿಜ. ಆದರೆ ಕಿತ್ತ ಹೂವು ಸಂಜೆಯವರೆಗೆ ಕಾಯುವುದಿಲ್ಲ. ಯಾವ ಎಲೆಗೆ ಪೂರ್ಣ ವರ್ಣ ತುಂಬಬೇಕು, ಯಾವುದನ್ನು ರೇಖೆಯಲ್ಲಿಯೇ ಬಿಡಬೇಕು, ಬಾಡತೊಡಗಿದ ದಳವನ್ನು ಕಂಡಂತೆ ಬರೆಯಬೇಕೆ ಅಥವಾ ಬೆಳಿಗ್ಗೆ ಇದ್ದಂತೆಯೆ, ಇಂಥ ಪ್ರಶ್ನೆಗಳು ಈ ಬಗೆಯ ಕೆಲಸದಲ್ಲಿ ಪ್ರತಿದಿನವೂ ಏಳುತ್ತವೆ. ಅವುಗಳನ್ನು ಬಿಡಿಸುವವನು ಕುಂಚ ಹಿಡಿದವನೇ. ವಿಮರ್ಶೆ ಆರಂಭವಾಗಬೇಕಾದುದು ಇಲ್ಲಿಂದ. ‘ಯಥಾವತ್ತಾದ ಚಿತ್ರಣ’ ಎಂಬ ಪ್ರಶಂಸೆ ಈ ಶ್ರಮವನ್ನು ಮರೆಮಾಡುತ್ತದೆ.

‘ಮರಾಠಿ’ ಎಂಬ ವಿಶೇಷಣವನ್ನೂ ಎಚ್ಚರದಿಂದ ಓದಬೇಕು. ಅದು ಆಡುಮಾತನ್ನು ಹೇಳುತ್ತದೆಯೊ, ಜಾತಿಯನ್ನೊ, ಹುಟ್ಟಿದ ಊರನ್ನೊ? 1638ರಲ್ಲಿ ಬೆಂಗಳೂರು ಶಹಾಜಿಗೆ ಸೇರುವಷ್ಟರ ಹೊತ್ತಿಗೇ ಮರಾಠಿ ಮಾತು ಕನ್ನಡನಾಡಿಗೆ ಹೊಸದಾಗಿರಲಿಲ್ಲ. ಆದ್ದರಿಂದ ಈತನನ್ನು ಪುಣೆಯ ಕಡೆಯವನೆನ್ನುವುದು ಎಷ್ಟು ಆತುರವೋ, ಮೈಸೂರು ಚಿತ್ರಪರಂಪರೆಗೆ ಸೇರಿಸಿ ಹೆಮ್ಮೆಪಡುವುದೂ ಅಷ್ಟೇ ಆತುರ. ಎರಡೂ ಭಾಷೆಗಳನ್ನು ಬಲ್ಲ ಮುಂಬಯಿ, ಪುಣೆಗಳ ಕನ್ನಡ ವಿದ್ವಾಂಸರು ಈ ಶೋಧಕ್ಕೆ ನಮಗಿಂತ ಹೆಚ್ಚು ಸಜ್ಜಾಗಿದ್ದಾರೆ.

ಹೋಲಿಕೆಗೆ ಗೋವಿಂದು ಎಂಬ ಚಿತ್ರಕಾರ ಒದಗುತ್ತಾನೆ. ಮದರಾಸು ಪ್ರಾಂತದಲ್ಲಿ ರಾಬರ್ಟ್ ವೈಟ್‌ಗೂ ಅನಂತರ ಕ್ಲೆಗ್‌ಹಾರ್ನ್‌ಗೂ ಚಿತ್ರ ಬರೆದುಕೊಟ್ಟವನು ಈತ. ವೈಟ್ ಒಂದು ಆರ್ಕಿಡ್ ಕುಲಕ್ಕೆ ‘ಗೋವಿಂದೂಯಿಯ’ ಎಂದು ಹೆಸರಿಟ್ಟನು. ಮುಂದೆ ಆ ಕುಲ ಟ್ರೊಪಿಡಿಯದಲ್ಲಿ ಲೀನವಾಗಿ ಹೆಸರು ಕೇವಲ ಪರ್ಯಾಯವಾಗಿ ಉಳಿಯಿತು. ಗೋವಿಂದು ಬರೆದ ಹಾಳೆಗಳೂ ಎಡಿನ್‌ಬರೋದ ಅದೇ ಸಂಗ್ರಹದಲ್ಲಿವೆ. ಎಲೆಯಂಚಿನ ತಿರುವು, ನರಗಳ ರೇಖೆ, ಹಸಿರಿನ ಮೇಲೆ ಹಸಿರನ್ನು ಲೇಪಿಸುವ ಕ್ರಮ, ಇಷ್ಟನ್ನಾದರೂ ಶಿವಮೊಗ್ಗೆಯ ಹಾಳೆಗಳೊಡನೆ ಪಕ್ಕಪಕ್ಕದಲ್ಲಿಟ್ಟು ನೋಡಬೇಕಾಗಿದೆ.