ಸುಲಭ ಕ್ಯಾಲ್ಕ್ಯುಲಸ್ ಎಷ್ಟು ದೂರ ಜೊತೆಗೆ ಬರುತ್ತದೆ?

ಕಾಲೇಜಿನಲ್ಲಿ ಕ್ಯಾಲ್ಕ್ಯುಲಸ್ಸಿನ ಮೊದಲ ಪತ್ರಿಕೆ ಮುಗಿಸಿ ಎರಡನೆಯದಕ್ಕೆ ಸಿದ್ಧವಾಗುವ ಮಕ್ಕಳ ಕೈಗೆ ಹಿರಿಯರು ಇಂದಿಗೂ ಕೊಡುವ ಒಂದು ಪುಸ್ತಕ ಸಿಲ್ವಾನಸ್ ಥಾಮ್ಸನ್ನರ ‘ಕ್ಯಾಲ್ಕ್ಯುಲಸ್ ಮೇಡ್ ಈಸಿ’. ಲಂಡನ್ನಿನ ಫಿನ್ಸ್‌ಬರಿ ತಾಂತ್ರಿಕ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಅವರು 1910ರಲ್ಲಿ ತಮ್ಮ ಹೆಸರು ಹಾಕದೆಯೇ ಇದನ್ನು ಪ್ರಕಟಿಸಿದರು. ನೂರು ವರ್ಷ ದಾಟಿದರೂ ಪುಸ್ತಕ ಬಾಳುತ್ತಿದೆ. ಆದರೆ ಎರಡನೆಯ ಪತ್ರಿಕೆಗೆ ಇದೊಂದೇ ಸಾಕೆ?

ಊರಿನಿಂದ ದೂರವಿರುವ ನಮ್ಮ ಮನೆಗಳಲ್ಲಿ ಲೆಕ್ಕ ಹೇಳಿಕೊಡಲು ಸೋದರಮಾವನೋ ಚಿಕ್ಕಪ್ಪನೋ ಪಕ್ಕದ ಬೀದಿಯಲ್ಲಿರುವುದಿಲ್ಲ, ಪುಸ್ತಕವೇ ಮೇಷ್ಟ್ರು. ಆದ್ದರಿಂದ ಅದು ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂದು ನೋಡಬೇಕು.

ಪುಸ್ತಕದ ದೊಡ್ಡ ಗುಣ ಹೆದರಿಕೆ ಕಳೆಯುವುದು. ‘ಡಿಎಕ್ಸ್’ ಎಂದರೆ ಎಕ್ಸ್‌ನ ಒಂದು ಚೂರು. ಅನುಕಲನದ ಉದ್ದನೆಯ ಚಿಹ್ನೆ ಎಂದರೆ ಚೂರುಗಳನ್ನೆಲ್ಲ ಕೂಡಿಸು ಎಂಬ ಸೂಚನೆ. ಮೊದಲ ಅಧ್ಯಾಯದಲ್ಲೇ ಇದು ಸ್ಪಷ್ಟವಾಗುತ್ತದೆ. ಮುಂದಿನ ವಾದವೂ ಸರಳ. 10 ಅಂಗುಲ ಪಕ್ಕದ ಚೌಕವನ್ನು 0.01 ಅಂಗುಲದಷ್ಟು ಬೆಳೆಸಿದರೆ ಎರಡು ಪಟ್ಟಿಗಳಿಂದ 0.2 ಚದರ ಅಂಗುಲ ಸೇರುತ್ತದೆ. ಮೂಲೆಯ ಚೂರು 0.0001 ಮಾತ್ರ. ಅದನ್ನು ಬಿಟ್ಟುಬಿಡಬಹುದು.

ತೊಡಕು ಇಲ್ಲಿಯೇ. ಸಣ್ಣದು ಎಂದರೆ ಯಾವುದರ ಮುಂದೆ ಸಣ್ಣದು ಎಂದು ಥಾಮ್ಸನ್ನರೇನೋ ವಿವರಿಸುತ್ತಾರೆ. ಆದರೆ ಹುಡುಗರ ಮನಸ್ಸಿನಲ್ಲಿ ಉಳಿಯುವುದು ‘ಸಣ್ಣದ್ದನ್ನು ಬಿಡು’ ಎಂಬ ಮಾತೊಂದೇ. ಎರಡನೆಯ ಪತ್ರಿಕೆಯಲ್ಲಿ ಅನಂತ ಶ್ರೇಣಿಗಳು ಎದುರಾದಾಗ ಈ ಮಾತು ಮೋಸಮಾಡುತ್ತದೆ. ಒಂದು, ಅರ್ಧ, ಕಾಲು, ಅರೆಕಾಲು ಎಂದು ಕೂಡಿಸುತ್ತ ಹೋದರೆ ಮೊತ್ತ ಎಂದೂ 2 ದಾಟದು. ಒಂದು, ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು ಎಂದು ಕೂಡಿಸಿದರೆ ಮೊತ್ತ 10ನ್ನು ದಾಟಲು 12,367 ಪದಗಳು ಬೇಕು. ಆದರೂ ದಾಟುತ್ತದೆ, ಮುಂದೆ ಯಾವ ಎಲ್ಲೆಗೂ ನಿಲ್ಲುವುದಿಲ್ಲ. ಮೂರನೆಯ, ನಾಲ್ಕನೆಯ ಪದಗಳು ಸೇರಿ ಅರ್ಧಕ್ಕಿಂತ ಹೆಚ್ಚು. ಐದರಿಂದ ಎಂಟರವರೆಗಿನವು ಸೇರಿದರೂ ಅರ್ಧಕ್ಕಿಂತ ಹೆಚ್ಚು. ಹೀಗೆ ಅರ್ಧಗಳು ಸೇರುತ್ತಲೇ ಇರುತ್ತವೆ. ಎರಡು ಶ್ರೇಣಿಗಳಲ್ಲೂ ಪದಗಳು ಸೊನ್ನೆಯತ್ತಲೇ ಸಾಗುತ್ತವೆ, ಫಲ ಮಾತ್ರ ಬೇರೆ. ಇವನ್ನು ಬೇರ್ಪಡಿಸುವ ಪರೀಕ್ಷೆಗಳ ಪಾಠ ಮೂಲ ಪುಸ್ತಕದಲ್ಲಿಲ್ಲ. 1998ರಲ್ಲಿ ಪುಸ್ತಕವನ್ನು ಪರಿಷ್ಕರಿಸಿದ ಮಾರ್ಟಿನ್ ಗಾರ್ಡ್ನರ್ ಅವರು ಲಿಮಿಟ್ ಕುರಿತ ಅಧ್ಯಾಯವೊಂದನ್ನು ಮೊದಲಿಗೇ ಸೇರಿಸಿದ್ದು ಅರ್ಥಪೂರ್ಣ.

ಇನ್ನೊಂದು ಕೊರತೆ ಅಭ್ಯಾಸದ್ದು. ಭಾಗಶಃ ಅನುಕಲನ, ಆಂಶಿಕ ಭಿನ್ನರಾಶಿಗಳು ಪುಸ್ತಕದಲ್ಲಿ ಇವೆ, ಆದರೆ ಮಿತವಾಗಿ. ಎರಡನೆಯ ಪತ್ರಿಕೆಯಲ್ಲಿ ಅನೇಕರು ಎಡವುವುದು ಅನುಕಲನದ ತತ್ತ್ವದಲ್ಲಲ್ಲ. ಹೈಸ್ಕೂಲಿನ ಬೀಜಗಣಿತ ಮತ್ತು ತ್ರಿಕೋನಮಿತಿಯಲ್ಲಿ. ಎಡವಿದವರು ತಮಗೆ ಬುದ್ಧಿ ಸಾಲದೆಂದು ತಿಳಿದು ಗಣಿತವನ್ನೇ ಬಿಡುತ್ತಾರೆ. ನಷ್ಟವೆಂದರೆ ಇದು.

ಆದ್ದರಿಂದ ಥಾಮ್ಸನ್ನರನ್ನು ರಜೆಯ ಮೊದಲ ವಾರಗಳಲ್ಲಿ ಓದಿಸಿ. ಜೊತೆಗೆ ದಿನಕ್ಕೆ ಹತ್ತು ಲೆಕ್ಕ: ಅಪವರ್ತನ, ವರ್ಗ ಪೂರ್ಣಗೊಳಿಸುವಿಕೆ, ತ್ರಿಕೋನಮಿತಿಯ ಸೂತ್ರಗಳು, ಅವಕಲನವನ್ನು ಹಿಂದುಮುಂದಾಗಿ ಮಾಡುವುದು. ಕಡೆಗೆ ಕಾಲೇಜಿನ ಪಠ್ಯದಿಂದ ಲಿಮಿಟ್ಟಿನ ಅಧ್ಯಾಯವನ್ನು ನಿಧಾನವಾಗಿ ಮತ್ತೆ ಓದಲಿ. ಹೊಸಿಲು ದಾಟಿಸಲು ಥಾಮ್ಸನ್ನರಂಥ ಆಪ್ತರು ಅಪರೂಪ. ಒಳಮನೆಗೆ ಬೇರೆ ದೀಪ ಬೇಕು.