ಅಸೆಂಬ್ಲಿ ಭಾಷೆಯ ಪ್ರಥಮ ಪಾಠ: ಎರಡು ಪಠ್ಯಗ್ರಂಥಗಳ ವಿಮರ್ಶೆ

ಮೈಕ್ರೋಕಂಟ್ರೋಲರಿನ ಅಸೆಂಬ್ಲಿ ಭಾಷೆಯನ್ನು ಹೊಸಬನಿಗೆ ಯಾವ ಕ್ರಮದಲ್ಲಿ ಕಲಿಸಬೇಕೆಂಬುದು ಬೋಧಕನ ಅನುಕೂಲಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಕಲಬುರಗಿಯ ಕಾಲೇಜುಗಳಿಗೆ ಬರುವವರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರುಂಟು. ಅವರಿಗೆ ವಿಷಯದ ಕಾಠಿಣ್ಯವೊಂದು, ಇಂಗ್ಲಿಷಿನ ಕಾಠಿಣ್ಯ ಮತ್ತೊಂದು. ಇವೆರಡನ್ನೂ ಬೇರ್ಪಡಿಸದೆ, ಎಡವಿದವನನ್ನು ಮಂದಮತಿಯೆಂದು ಎಣಿಸುವುದು ಅನ್ಯಾಯವೆಂದು ನಾವು ಭಾವಿಸುತ್ತೇವೆ.

ಇಂಟೆಲ್ ಸಂಸ್ಥೆಯು ೧೯೮೦ರಲ್ಲಿ ಹೊರತಂದ ೮೦೫೧ ಎಂಬ ಚಿಪ್ಪು ಚಿಕ್ಕದು: ೧೨೮ ಬೈಟುಗಳ ಆಂತರಿಕ ಸ್ಮೃತಿ, ೪ ಕಿಲೋಬೈಟುಗಳ ಪ್ರೋಗ್ರಾಮ್ ಸ್ಮೃತಿ, ಎಂಟೆಂಟು ಬಿಟ್ಟುಗಳ ನಾಲ್ಕು ಪೋರ್ಟುಗಳು. ಇದನ್ನು ಕುರಿತ ಪಠ್ಯಗಳಲ್ಲಿ ಕೆನೆತ್ ಅಯಾಲಾ ಅವರ ಗ್ರಂಥವೂ ಮುಹಮ್ಮದ್ ಅಲಿ ಮಜೀದಿ ಅವರ ಗ್ರಂಥವೂ ನಮ್ಮ ಇಂಜಿನಿಯರಿಂಗ್ ಕಾಲೇಜುಗಳಿಗೆ ಸುಪರಿಚಿತ. ಅಯಾಲಾ ಅವರದು ಶಾಸ್ತ್ರಕಾರನ ಕ್ರಮ. ಮೊದಲು ಚಿಪ್ಪಿನ ರಚನೆ. ಅನಂತರ ದತ್ತಾಂಶದ ವರ್ಗಾವಣೆ, ತರ್ಕ, ಗಣಿತ, ಕೊನೆಗೆ ಜಿಗಿತದ ಆಜ್ಞೆಗಳು. ವರ್ಗೀಕರಣ ನಿರ್ದುಷ್ಟವಾದುದು. ಆದರೆ ಆವರ್ತನೆಯಿಲ್ಲದೆ ಉಪಯುಕ್ತವಾದ ಪ್ರೋಗ್ರಾಮು ಹುಟ್ಟುವುದು ವಿರಳವಾದುದರಿಂದ, ಹೊಸಬನು ಬಹುಕಾಲ ಬಿಡಿ ಆಜ್ಞೆಗಳನ್ನೇ ನೋಡುತ್ತಿರಬೇಕಾಗುತ್ತದೆ. ಮಜೀದಿ ಅವರು ಜಿಗಿತವನ್ನೂ ಆವರ್ತನೆಯನ್ನೂ ಬೇಗನೆ ತರುತ್ತಾರೆ. ಅವರಲ್ಲಿ ದೋಷವಿಲ್ಲವೆಂದಲ್ಲ; ಸಿದ್ಧ ಉದಾಹರಣೆಗಳ ಸಮೃದ್ಧಿಯು ಕಂಠಪಾಠಕ್ಕೆ ಆಸ್ಪದ ಕೊಡುತ್ತದೆ. ಆದರೂ ಪ್ರಥಮ ಪಾಠಕ್ಕೆ ಇದೇ ಮೇಲು.

ಎರಡೂ ಗ್ರಂಥಗಳು ನಮ್ಮ ಬೋಧಕರಿಗೆ ಬಿಟ್ಟಿರುವ ಕೆಲಸವೊಂದಿದೆ. 'ಮೂವ್' ಎಂಬ ಆಜ್ಞೆಯನ್ನು ನೋಡೋಣ. ಪದಕ್ಕೆ ಪದ ಹೇಳುವವರು ಇದನ್ನು 'ಸಾಗಿಸು' ಎನ್ನುತ್ತಾರೆ. ಜೇವರ್ಗಿಯಿಂದ ತೊಗರಿಯ ಚೀಲವನ್ನು ಕಲಬುರಗಿಗೆ ಸಾಗಿಸಿದರೆ ಜೇವರ್ಗಿಯ ಕಣದಲ್ಲಿ ಚೀಲ ಉಳಿಯದು. ಆದರೆ 'ಮೂವ್' ಆದಮೇಲೂ ಮೂಲಸ್ಥಾನದ ಬೆಲೆ ಅಲ್ಲಿಯೇ ಇರುತ್ತದೆ; ಆಗುವುದು ನಕಲು. ಮಜೀದಿ ಅವರು ಇದನ್ನು ಹೇಳಿಯೇ ಇದ್ದಾರೆ. ಭಾಷಾಂತರದಲ್ಲಿ ಅದು ಕಳೆದುಹೋಗುತ್ತದೆ. ಆದುದರಿಂದ ಕನ್ನಡಕ್ಕೆ ತರಬೇಕಾದುದು ಆಜ್ಞೆಯ ಹೆಸರನ್ನಲ್ಲ, ಅದರ ಕ್ರಿಯೆಯನ್ನು.

ಎರಡನೆಯ ತೊಡಕು '#' ಗುರುತಿನದು. 'ಮೂವ್ ಎ, #೨೫ಎಚ್' ಎಂದರೆ ಹದಿನಾರರ ಎಣಿಕೆಯ ೨೫ ಎಂಬ ಸಂಖ್ಯೆಯೇ ಅಕ್ಯುಮುಲೇಟರಿಗೆ ಬರುತ್ತದೆ. ಗುರುತನ್ನು ಬಿಟ್ಟರೆ ೨೫ ಎಂಬ ವಿಳಾಸದ ಸ್ಮೃತಿಯಲ್ಲಿ ಏನಿದೆಯೋ ಅದು ಬರುತ್ತದೆ. ಇಪ್ಪತ್ತೈದು ರೂಪಾಯಿಗೂ ಇಪ್ಪತ್ತೈದನೆಯ ಮನೆಯಲ್ಲಿರುವ ಹಣಕ್ಕೂ ಇರುವ ಅಂತರವೇ ಇದು. ಎರಡು ಬರಹಗಳನ್ನೂ ಅಸೆಂಬ್ಲರು ಆಕ್ಷೇಪಿಸದೆ ಒಪ್ಪುತ್ತದೆ. ಫಲ ಮಾತ್ರ ತಪ್ಪಾಗುತ್ತದೆ. ಆದಕಾರಣ ಮೊದಲ ದಿನವೇ ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯಿಸಿ ಫಲವನ್ನು ತೋರಿಸತಕ್ಕದ್ದು.

ಇನ್ನು ಕಾಲವಿಳಂಬದ ಪಾಠ. ಮೂಲ ೮೦೫೧ರಲ್ಲಿ ಹನ್ನೆರಡು ಆಂದೋಲನಗಳಿಗೆ ಒಂದು ಯಂತ್ರಾವರ್ತ. ೧೨ ಮೆಗಾಹರ್ಟ್ಸ್ ಸ್ಫಟಿಕವಿದ್ದರೆ ಅದು ಒಂದು ಮೈಕ್ರೋಸೆಕೆಂಡು. ಎಣಿಕೆಯನ್ನು ಒಂದೊಂದಾಗಿ ಇಳಿಸಿ, ಸೊನ್ನೆಯಾಗುವವರೆಗೆ ಹಿಂದಕ್ಕೆ ಜಿಗಿಯುವ 'ಡಿಜೆಎನ್‌ಜೆಡ್' ಆಜ್ಞೆಗೆ ಎರಡು ಆವರ್ತಗಳು. ೨೫೦ ಸಲ ನಡೆದರೆ ೫೦೦ ಮೈಕ್ರೋಸೆಕೆಂಡು. ಇಂಥ ಎರಡು ಸಾವಿರ ಸುತ್ತುಗಳಾದರೆ ಸುಮಾರು ಒಂದು ಸೆಕೆಂಡು; ದೀಪವೊಂದು ಕಣ್ಣಿಗೆ ಕಾಣುವಂತೆ ಮಿನುಗುತ್ತದೆ. ಈ ಲೆಕ್ಕಕ್ಕೆ ಗುಣಾಕಾರ ಸಾಕು, ಇಂಗ್ಲಿಷ್ ಬೇಡ. ಹಿಂದುಳಿದವನೆನಿಸಿಕೊಂಡ ವಿದ್ಯಾರ್ಥಿಯು ಸಮಾನನಾಗಿ ನಿಲ್ಲುವ ಸ್ಥಳವಿದು. ಪಾಠಕ್ರಮದಲ್ಲಿ ಇದನ್ನು ಮುಂದಕ್ಕೆ ತರುವುದು ಯುಕ್ತ.

ಸಿ ಭಾಷೆಯಿರುವಾಗ ಇದೆಲ್ಲ ಏಕೆಂಬ ಆಕ್ಷೇಪವುಂಟು. ದೊಡ್ಡ ಕೆಲಸಗಳಿಗೆ ಸಿ ಭಾಷೆಯೇ ಸರಿಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಂಖ್ಯೆ, ವಿಳಾಸ, ಕಾಲ ಎಂಬ ಮೂರನ್ನು ಅದು ಬಹುಮಟ್ಟಿಗೆ ಮರೆಮಾಡುತ್ತದೆ. ಅಸೆಂಬ್ಲಿ ಭಾಷೆ ಕಣ್ಣೆದುರಿಗೆ ಇಡುತ್ತದೆ. ಮಜೀದಿ ಅವರಿಂದ ಆರಂಭಿಸಿ, ಕೈ ಪಳಗಿದ ಮೇಲೆ ಅಯಾಲಾ ಅವರನ್ನು ಓದಿಸಿ, ವಿವರಣೆಯನ್ನು ಕನ್ನಡದಲ್ಲಿಯೂ ಆಜ್ಞೆಗಳನ್ನು ಇದ್ದಂತೆಯೂ ಇರಿಸಿಕೊಳ್ಳುವುದೇ ಸದ್ಯಕ್ಕೆ ಉಚಿತವಾದ ಮಾರ್ಗವೆಂಬುದು ನಮ್ಮ ಅಭಿಪ್ರಾಯ.