ಕತ್ತಲಕೋಣೆಯಿಂದ ಸಂಗ್ರಹಾಲಯಕ್ಕೆ: ಬೆಂಗಳೂರಿನ ಕಲಾತ್ಮಕ ಛಾಯಾಚಿತ್ರಣದ ಕೆಲವು ಪ್ರಶ್ನೆಗಳು

ಕರ್ನಾಟಕದ ದೃಶ್ಯಕಲೆಯ ಚರಿತ್ರೆಯಲ್ಲಿ ಚಿತ್ರ ಮತ್ತು ಶಿಲ್ಪಗಳಿಗೆ ದೊರೆತಷ್ಟು ವಿಮರ್ಶೆಯ ಗಮನ ಛಾಯಾಚಿತ್ರಣಕ್ಕೆ ದೊರೆತಿಲ್ಲ. ದೊರೆತಾಗಲೂ ಅದು ಬಹುಮಟ್ಟಿಗೆ ಪದಕ, ಪ್ರಶಸ್ತಿಗಳ ಪಟ್ಟಿಯಲ್ಲಿ ಮುಗಿದುಹೋಗುತ್ತದೆ. ಫಿಲಂ ಬಳಸಿ ಕತ್ತಲಕೋಣೆಯಲ್ಲಿ ಮುದ್ರಿಸಿದ ಛಾಯಾಚಿತ್ರವನ್ನು ಒಂದು ಕೃತಿಯಾಗಿ ಓದುವುದು ಹೇಗೆ, ಅದನ್ನು ಕಾಪಿಡಬೇಕಾದವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಬೆಂಗಳೂರಿನ ಸಂದರ್ಭದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ನಗರದಲ್ಲಿ ಛಾಯಾಚಿತ್ರಣ ಕಲೆಯಾಗಿ ಬೆಳೆದುದು ಮುಖ್ಯವಾಗಿ ಹವ್ಯಾಸಿಗಳ ಸಂಘಗಳಲ್ಲಿ. 1971ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇದಕ್ಕೆ ನಿದರ್ಶನ. ಒ.ಸಿ. ಎಡ್ವರ್ಡ್ಸ್ ಅವರಿಂದ ಕಲಿತ ಟಿ.ಎನ್.ಎ. ಪೆರುಮಾಳ್ (1932–2017), ಸಂಡೂರಿನ ಎಂ.ವೈ. ಘೋರ್ಪಡೆ (1931–2011) ಮೊದಲಾದವರು ವನ್ಯಜೀವಿ ಚಿತ್ರಣಕ್ಕೆ ಅಂತಾರಾಷ್ಟ್ರೀಯ ಮನ್ನಣೆ ತಂದರು. ಇವರ ಹಿಂದೆ ಹೆಸರಿಲ್ಲದ ದೊಡ್ಡ ಸಮುದಾಯವೊಂದಿತ್ತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಂಥ ಬಡಾವಣೆಗಳಲ್ಲಿ ನೆಲೆಸಿದ ನೌಕರವರ್ಗದ ಹವ್ಯಾಸಿಗೆ ಬಚ್ಚಲುಮನೆಯೇ ಕತ್ತಲಕೋಣೆ; ಮನೆಯವರೆಲ್ಲ ಮಲಗಿದ ಮೇಲೆ ಕೆಂಪು ದೀಪದಡಿಯಲ್ಲಿ ಕೆಲಸ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಸರಕು ವಿದೇಶಿ ಫಿಲಂ ದುಬಾರಿಯಾಗಿದ್ದ ಕಾಲದಲ್ಲಿ ಅನೇಕರಿಗೆ ಆಸರೆಯಾಗಿತ್ತು.

ಇಲ್ಲಿ ಗಮನಿಸಬೇಕಾದುದು ಮುದ್ರಣದ ಶ್ರಮ. ಒಂದೇ ನೆಗೆಟಿವ್‌ನಿಂದ ತೆಗೆದ ಎರಡು ಪ್ರತಿಗಳು ಒಂದೇ ಅಲ್ಲ. ಬೆಳಕನ್ನು ಅಂಗೈಯಿಂದ ತಡೆದು ಒಂದು ಭಾಗವನ್ನು ತಿಳಿಯಾಗಿಸುವುದು, ಇನ್ನೊಂದಕ್ಕೆ ಹೆಚ್ಚು ಬೆಳಕು ಕೊಟ್ಟು ಗಾಢವಾಗಿಸುವುದು, ಹೈಪೋ ಉಳಿಯದಂತೆ ಕಾಗದವನ್ನು ತೊಳೆಯುವುದು, ಇವೆಲ್ಲ ಕರ್ತೃವಿನ ತೀರ್ಮಾನಗಳು. ಯಾಂತ್ರಿಕ ಪ್ರತಿಕರಣವು ಕೃತಿಯ ಅನನ್ಯತೆಯನ್ನು ಕುಂದಿಸುತ್ತದೆಂದು ವಾಲ್ಟರ್ ಬೆಂಜಮಿನ್ 1936ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ವಾದಿಸಿದ್ದುಂಟು. ಆದರೆ ಬಚ್ಚಲುಮನೆಯ ಮುದ್ರಕನ ಕೈಯಲ್ಲಿ ಆ ಅನನ್ಯತೆ ಬೇರೊಂದು ದಾರಿಯಿಂದ ಮರಳುತ್ತದೆ.

ಇಷ್ಟು ಶ್ರಮದ ಫಲ ಸೇರುತ್ತಿದ್ದುದು ಎಲ್ಲಿಗೆ? ಸಲೂನ್ ಎಂದು ಕರೆಯಲಾಗುವ ಸ್ಪರ್ಧಾತ್ಮಕ ಪ್ರದರ್ಶನಗಳಿಗೆ. ಊರಿಂದೂರಿಗೆ ಸುತ್ತಿದ ಪ್ರತಿ ಬೆನ್ನ ಮೇಲೆ ಪ್ರದರ್ಶನಗಳ ಚೀಟಿಗಳನ್ನು ಹೊತ್ತು ಮನೆಗೆ ಮರಳಿ ಅಟ್ಟ ಸೇರುತ್ತಿತ್ತು. ಸಲೂನ್ ಪದ್ಧತಿ ಕುಶಲತೆಯನ್ನು ಬೆಳೆಸಿತು, ಸಂಗ್ರಾಹಕನನ್ನು ಬೆಳೆಸಲಿಲ್ಲ. ತೀರ್ಪುಗಾರರ ರುಚಿಗೆ ಒಪ್ಪುವ ಸಂಯೋಜನೆಗಳನ್ನು ಅದು ಮತ್ತೆ ಮತ್ತೆ ಪುರಸ್ಕರಿಸಿತು. ಹೀಗಾಗಿ ಕಾಡಿನ ಹಕ್ಕಿಯನ್ನು ಅಪಾರ ತಾಳ್ಮೆಯಿಂದ ಹಿಡಿದ ಹವ್ಯಾಸಿಗೆ ತನ್ನದೇ ಬೀದಿಯ ಬದುಕು ವಸ್ತುವಾಗಿ ಕಂಡದ್ದು ಕಡಿಮೆ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಈ ಕಾರಣಕ್ಕೆ ಮಹತ್ತ್ವದವರು. ಪತ್ರಿಕಾ ಛಾಯಾಗ್ರಾಹಕರಾಗಿ ಅವರು ಸಾಮಾನ್ಯರ ದಿನಚರಿಯನ್ನೇ ವಸ್ತುವಾಗಿಸಿಕೊಂಡರು. 1977ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ಅವರ ಚಿತ್ರಗಳು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯ ಸಂಗ್ರಹದಲ್ಲಿವೆ. ಇದು ಸ್ವಾಗತಾರ್ಹ. ಆದರೆ ಪತ್ರಿಕೆಯ ಪುಟಕ್ಕಾಗಿ ಹುಟ್ಟಿದ ಚಿತ್ರ ಗೋಡೆಗೇರಿದಾಗ ಅದರ ಅರ್ಥ ಪಲ್ಲಟಗೊಳ್ಳುತ್ತದೆ: ಅಡಿಬರಹ ದೂರವಾಗುತ್ತದೆ, ಸೌಂದರ್ಯ ಮುಂದೆ ಬರುತ್ತದೆ. ಸತ್ಯನ್ ಚಿತ್ರಗಳ ಶಕ್ತಿ ಈ ಎರಡರ ನಡುವೆ ಇದೆ. ಒಂದನ್ನು ಬಿಟ್ಟು ಇನ್ನೊಂದನ್ನು ಓದುವುದು ಅರೆ ಓದು.

ಖ್ಯಾತನಾಮರಿಗೆ ಸಂಗ್ರಹಾಲಯದ ಬಾಗಿಲು ತೆರೆದಿದೆ. ಉಳಿದವರ ಪಾಡೇನು? ಪಶ್ಚಿಮ ಬೆಂಗಳೂರಿನ ಹಳೆಯ ಮನೆಗಳು ಬಹುಮಹಡಿಗಳಾಗುತ್ತಿವೆ. ಅಟ್ಟ ಖಾಲಿ ಮಾಡುವ ದಿನ ನೆಗೆಟಿವ್‌ಗಳ ಪೆಟ್ಟಿಗೆ ರದ್ದಿಯ ಜೊತೆ ಹೊರಟರೆ ಯಾರೂ ತಡೆಯುವುದಿಲ್ಲ. ತೇವಾಂಶಕ್ಕೆ ಸಿಕ್ಕ ಅಸಿಟೇಟ್ ಫಿಲಂ ಹುಳಿವಾಸನೆ ಬೀರುತ್ತ ಮುದುರಿಕೊಳ್ಳುತ್ತದೆ. ಅದನ್ನು ಮೊದಲಿನ ಸ್ಥಿತಿಗೆ ತರಲಾಗದು.

ಆದ್ದರಿಂದ ಸಂಗ್ರಹವೆಂದರೆ ಬೆಲೆಬಾಳುವ ಕೆಲವು ಪ್ರತಿಗಳ ಖರೀದಿ ಮಾತ್ರವಲ್ಲ. ನೆಗೆಟಿವ್, ಕರ್ತೃವೇ ಮುದ್ರಿಸಿದ ಪ್ರತಿ, ಬೆನ್ನ ಮೇಲಿನ ಚೀಟಿ, ಬರೆದಿಟ್ಟ ವಿವರ ಈ ನಾಲ್ಕನ್ನೂ ಒಟ್ಟಿಗೆ ಉಳಿಸಿಕೊಂಡಾಗಲೇ ವಿಮರ್ಶೆಗೆ ಆಧಾರ ದೊರೆಯುತ್ತದೆ. ಆ ಆಧಾರವಿಲ್ಲದೆ ಬರೆಯುವ ಕನ್ನಡ ಛಾಯಾಚಿತ್ರಣದ ಚರಿತ್ರೆ ಪದಕ ಪಡೆದವರ ಚರಿತ್ರೆಯಾಗಿಯೇ ಉಳಿದೀತು.